ಕ್ಯಾನ್ಸರ್ ಮಾತ್ರೆಯಿಂದ ಮಗು ಹೇಗೆ? ಲೆಟ್ರೋಜೋಲ್ ಬಗ್ಗೆ ಯಾರೂ ಕೂತು ಹೇಳದ ಮಾತುಗಳು

ಕಳೆದ ವರ್ಷ ಒಂದು ರಾತ್ರಿ ಹತ್ತೂವರೆಗೆ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಧ್ವನಿ ನಡುಗುತ್ತಿತ್ತು. "ಅಕ್ಕಾ, ಡಾಕ್ಟ್ರು ಐದು ಮಾತ್ರೆ ಬರೆದುಕೊಟ್ಟಿದ್ದಾರೆ. ಮೊಟ್ಟೆ ಬೆಳೆಯೋಕೆ ಅಂದ್ರು. ಮೊಬೈಲಲ್ಲಿ ಹೆಸರು ಹಾಕಿ ನೋಡಿದ್ರೆ ಸ್ತನ ಕ್ಯಾನ್ಸರಿಗೆ ಕೊಡೋದು ಅಂತ ಬರ್ತಿದೆ. ಗರ್ಭಿಣಿಯರು ತಗೊಳ್ಳಲೇಬಾರದು ಅಂತಲೂ ಇದೆ. ನಂಗೇನಾದ್ರೂ ಕ್ಯಾನ್ಸರ್ ಇದೆಯಾ? ಇಲ್ಲಾ ಮೆಡಿಕಲ್ ಶಾಪಿನವನು ಬೇರೆ ಮಾತ್ರೆ ಕೊಟ್ಬಿಟ್ನಾ?"

ಮಾತ್ರೆಯ ಹೆಸರು ಲೆಟ್ರೋಜೋಲ್. ಅಂಗಡಿಯವನು ಸರಿಯಾದದ್ದನ್ನೇ ಕೊಟ್ಟಿದ್ದ. ಡಾಕ್ಟರೂ ಸರಿಯಾದದ್ದನ್ನೇ ಬರೆದಿದ್ದರು. ಅವಳಿಗೆ ಕ್ಯಾನ್ಸರ್ ಇರಲಿಲ್ಲ, ಪಿಸಿಒಡಿ ಇತ್ತು. ಅಂದರೆ ಹಾರ್ಮೋನುಗಳ ಏರುಪೇರಿನಿಂದ ಮೊಟ್ಟೆ ಸರಿಯಾಗಿ ಬೆಳೆದು ಹೊರಬರದ ತೊಂದರೆ. ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಮುಟ್ಟು. ಮದುವೆಯಾಗಿ ನಾಲ್ಕು ವರ್ಷ. ಅವಳಂಥ ಹೆಣ್ಣುಮಕ್ಕಳಿಗೆ ಇವತ್ತು ಜಗತ್ತಿನಾದ್ಯಂತ ಮೊದಲು ಕೊಡುವ ಮಾತ್ರೆ ಇದೇ. ಅಂದರೆ ಚಿಕಿತ್ಸೆಯಲ್ಲಿ ತಪ್ಪಿರಲಿಲ್ಲ. ಆದರೂ ಅವಳು ಆ ರಾತ್ರಿ ಅಳುತ್ತಾ ಕೂತಿದ್ದಳು. ಯಾಕೆಂದರೆ ಆ ಮಾತ್ರೆ ಏನು, ಯಾಕೆ, ಎಷ್ಟು ದಿನ ಅಂತ ಅವಳಿಗೆ ಯಾರೂ ಎರಡು ನಿಮಿಷ ಕೂತು ಹೇಳಿರಲಿಲ್ಲ.

ಅವತ್ತಿನಿಂದ ಈ ಮಾತ್ರೆಯ ಕಥೆಯನ್ನು ಹುಡುಕಿ ಓದುತ್ತಾ ಬಂದಿದ್ದೇನೆ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಯಿತು. ನಮ್ಮ ದೇಶದಲ್ಲಿ ಈ ಔಷಧಿಯ ಸುತ್ತ ಇಪ್ಪತ್ತು ವರ್ಷಗಳಿಂದ ಗಲಾಟೆ ನಡೆದಿದೆ. ಅನುಮತಿ ಸಿಕ್ಕಿದೆ, ನಿಷೇಧವಾಗಿದೆ, ನಿಷೇಧ ತೆರವಾಗಿದೆ. ಇದೆಲ್ಲದರ ಬುಡದಲ್ಲಿದ್ದ ತಪ್ಪು ಮಾತ್ರೆಯದಲ್ಲ. ಹೆಣ್ಣಿಗೆ ಹೇಳದೆ ಕೊಟ್ಟದ್ದು ತಪ್ಪು. ಆ ತಪ್ಪು ಇನ್ನೂ ಹಾಗೇ ಇದೆ.

ಮೊದಲು ಅವಳ ಪ್ರಶ್ನೆಗೆ ಬರೋಣ. ಕ್ಯಾನ್ಸರಿನ ಮಾತ್ರೆ ಮೊಟ್ಟೆಯನ್ನು ಹೇಗೆ ಬೆಳೆಸುತ್ತದೆ?

ಮನೆ ಮಹಡಿಯ ಮೇಲಿನ ನೀರಿನ ಟ್ಯಾಂಕನ್ನು ನೆನಪು ಮಾಡಿಕೊಳ್ಳಿ. ಈಗ ಎಷ್ಟೋ ಮನೆಗಳಲ್ಲಿ ಟ್ಯಾಂಕಿನೊಳಗೆ ಒಂದು ಸೆನ್ಸರ್ ಹಾಕಿರುತ್ತಾರೆ. ನೀರು ಇಳಿದರೆ ಕೆಳಗಿನ ಮೋಟಾರು ತಾನಾಗಿ ಆನ್ ಆಗುತ್ತದೆ. ತುಂಬಿದರೆ ತಾನಾಗಿ ನಿಲ್ಲುತ್ತದೆ. ಹೆಣ್ಣಿನ ದೇಹದಲ್ಲೂ ಹೀಗೊಂದು ಏರ್ಪಾಡಿದೆ. ಟ್ಯಾಂಕಿನ ನೀರು ಅಂದರೆ ರಕ್ತದಲ್ಲಿರುವ ಈಸ್ಟ್ರೋಜನ್ ಹಾರ್ಮೋನು. ಸೆನ್ಸರ್ ಇರುವುದು ಮೆದುಳಿನಲ್ಲಿ. ಮೋಟಾರು ಅಂದರೆ ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡದಿರುವ ಪಿಟ್ಯುಟರಿ ಗ್ರಂಥಿ. ಈಸ್ಟ್ರೋಜನ್ ಇಳಿದಾಗ ಪಿಟ್ಯುಟರಿ ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಆ ಎಫ್‌ಎಸ್‌ಎಚ್ ಅಂಡಾಶಯಕ್ಕೆ ಹೋಗಿ ಅಲ್ಲಿನ ಪುಟ್ಟ ಕೋಶಗಳನ್ನು ಬೆಳೆಸುತ್ತದೆ. ಕೋಶ ಅಂದರೆ ಮೊಟ್ಟೆಯನ್ನು ಹೊತ್ತ ನೀರುಗುಳ್ಳೆ. ಆಸ್ಪತ್ರೆಯಲ್ಲಿ ಫಾಲಿಕಲ್ ಅನ್ನುತ್ತಾರೆ. ಅದು ಬೆಳೆಯುತ್ತಾ ತಾನೇ ಈಸ್ಟ್ರೋಜನ್ ತಯಾರಿಸುತ್ತದೆ. ಟ್ಯಾಂಕು ತುಂಬುತ್ತದೆ, ಮೋಟಾರು ನಿಧಾನವಾಗುತ್ತದೆ. ಹಾಗಾಗಿ ಸಾಮಾನ್ಯವಾಗಿ ತಿಂಗಳಿಗೆ ಒಂದೇ ಕೋಶ ಪೂರ್ತಿ ಬೆಳೆದು ಒಡೆಯುತ್ತದೆ, ಒಂದೇ ಮೊಟ್ಟೆ ಹೊರಗೆ ಬರುತ್ತದೆ.

ಪಿಸಿಒಡಿ ಇರುವವರಲ್ಲಿ ಈ ಲಯ ತಪ್ಪಿರುತ್ತದೆ. ಸಣ್ಣ ಸಣ್ಣ ಕೋಶಗಳು ಅರ್ಧಕ್ಕೇ ನಿಂತುಬಿಡುತ್ತವೆ. ಯಾವುದೂ ಮುಂದೆ ಹೋಗುವುದಿಲ್ಲ. ಸ್ಕ್ಯಾನಿನಲ್ಲಿ ಕಾಣುವ "ನೀರಿನ ಗುಳ್ಳೆಗಳು" ಇವೇ. ಎಷ್ಟೋ ಜನ ಅದನ್ನು ಗಡ್ಡೆ ಅಂದುಕೊಂಡು ಹೆದರುತ್ತಾರೆ. ಗಡ್ಡೆಯಲ್ಲ, ಬೆಳೆಯದೆ ನಿಂತ ಕೋಶಗಳು.

ಲೆಟ್ರೋಜೋಲ್ ಮಾಡುವ ಕೆಲಸ ಇಷ್ಟೇ. ದೇಹ ಈಸ್ಟ್ರೋಜನ್ ತಯಾರಿಸಲು ಅರೋಮಟೇಸ್ ಎಂಬ ಕಿಣ್ವ ಬೇಕು. ಲೆಟ್ರೋಜೋಲ್ ಆ ಕಿಣ್ವವನ್ನು ಕೆಲವು ದಿನ ತಡೆಯುತ್ತದೆ. ಟ್ಯಾಂಕಿಗೆ ನೀರು ಬರುವ ವಾಲ್ವನ್ನು ತಿರುಗಿಸಿದ ಹಾಗೆ. ಈಸ್ಟ್ರೋಜನ್ ನಿಜವಾಗಿ ಇಳಿಯುತ್ತದೆ. ಮೆದುಳು ಗಾಬರಿಯಾಗಿ ಎಫ್‌ಎಸ್‌ಎಚ್ ಹೆಚ್ಚಿಸುತ್ತದೆ. ನಿಂತಿದ್ದ ಕೋಶಗಳಲ್ಲಿ ಒಂದು ಬೆಳೆಯಲು ಶುರುವಾಗುತ್ತದೆ. ಅಷ್ಟರಲ್ಲಿ ಮಾತ್ರೆ ಮುಗಿದಿರುತ್ತದೆ, ವಾಲ್ವು ಮತ್ತೆ ತೆರೆದಿರುತ್ತದೆ.

ಸ್ತನ ಕ್ಯಾನ್ಸರಿಗೂ ಇದೇ ಮಾತ್ರೆ ಯಾಕೆ? ಕೆಲವು ಬಗೆಯ ಸ್ತನ ಕ್ಯಾನ್ಸರ್ ಈಸ್ಟ್ರೋಜನ್ ಸಿಕ್ಕರೆ ಬೆಳೆಯುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಅದನ್ನು ತಡೆಯಲು ಲೆಟ್ರೋಜೋಲನ್ನು ದಿನಕ್ಕೊಂದರಂತೆ ವರ್ಷಗಟ್ಟಲೆ ಕೊಡುತ್ತಾರೆ. ಅಲ್ಲಿ ಈಸ್ಟ್ರೋಜನ್ ಇಳಿಸುವುದೇ ಗುರಿ. ಇಲ್ಲಿ ಈಸ್ಟ್ರೋಜನ್ ಇಳಿಸುವುದು ಮೆದುಳನ್ನು ಎಬ್ಬಿಸುವ ಉಪಾಯ ಮಾತ್ರ, ಅದೂ ಐದೇ ದಿನ. ಕೀಮೋಥೆರಪಿಯ ಹಾಗೆ ಜೀವಕೋಶಗಳನ್ನು ಕೊಲ್ಲುವ ಔಷಧಿ ಇದಲ್ಲ. ಇಷ್ಟನ್ನು ಹೇಳಲು ಎರಡು ನಿಮಿಷಕ್ಕಿಂತ ಜಾಸ್ತಿ ಬೇಕಾಗುವುದಿಲ್ಲ, ಅಲ್ವಾ?

ಗರ್ಭಿಣಿಯರು ತಗೊಳ್ಳಬಾರದು ಅನ್ನುವುದು ಮಾತ್ರ ನಿಜ. ಅದಕ್ಕೇ ಮಾತ್ರೆಯನ್ನು ಮುಟ್ಟಿನ ಮೊದಲ ದಿನಗಳಲ್ಲಿ, ಸಾಮಾನ್ಯವಾಗಿ ಎರಡನೇ ದಿನದಿಂದ ಐದನೇ ದಿನದೊಳಗೆ ಶುರುಮಾಡಿಸಿ ಐದು ದಿನಕ್ಕೆ ಮುಗಿಸುತ್ತಾರೆ. ರಕ್ತದಲ್ಲಿ ಲೆಟ್ರೋಜೋಲ್ ಪ್ರಮಾಣ ಸುಮಾರು ಎರಡು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಕೊನೆಯ ಮಾತ್ರೆ ನುಂಗಿ ಹತ್ತು ದಿನ ಕಳೆದರೆ ಐದು ಸಲ ಅರ್ಧವಾಗಿರುತ್ತದೆ, ಅಂದರೆ ನೂರಕ್ಕೆ ಮೂರರಷ್ಟು ಉಳಿದಿರುತ್ತದೆ. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಹೊತ್ತಿಗೆ ಇನ್ನೂ ಕಡಿಮೆ. ಆದರೆ ಒಂದು ಎಚ್ಚರ ಬೇಕು. ಕೆಲವರಿಗೆ ಗರ್ಭ ನಿಂತ ಮೇಲೂ ಸ್ವಲ್ಪ ರಕ್ತ ಕಾಣಿಸಿಕೊಳ್ಳಬಹುದು. ಅದನ್ನೇ ಮುಟ್ಟು ಅಂದುಕೊಂಡು ಹಳೆಯ ಚೀಟಿ ತೋರಿಸಿ ಮಾತ್ರೆ ತಂದು ನುಂಗಿದರೆ ಕಷ್ಟ. ಮುಟ್ಟು ಎಂದಿನಂತೆ ಇಲ್ಲ ಅನ್ನಿಸಿದರೆ ಮೊದಲು ಗರ್ಭ ಪರೀಕ್ಷೆ, ಆಮೇಲೆ ಮಾತ್ರೆ.

ಲೆಟ್ರೋಜೋಲಿಗಿಂತ ಮುಂಚೆ ಈ ಜಾಗದಲ್ಲಿ ಇದ್ದದ್ದು ಕ್ಲೋಮಿಫಿನ್. ನಮ್ಮ ಅಮ್ಮ, ದೊಡ್ಡಮ್ಮಂದಿರ ಕಾಲದ ಚೀಟಿಗಳಲ್ಲಿ ಕಾಣುತ್ತಿದ್ದದ್ದು ಅದೇ. 1956ರಲ್ಲಿ ಅಮೆರಿಕದ ಸಿನ್ಸಿನಾಟಿಯ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ ಹುಟ್ಟಿದ್ದು. ಅದು ಮೊಟ್ಟೆ ಬಿಡಿಸುತ್ತದೆ ಎಂದು ರಾಬರ್ಟ್ ಗ್ರೀನ್‌ಬ್ಲಾಟ್ ಎಂಬ ವೈದ್ಯರ ತಂಡ 1961ರಲ್ಲಿ ವರದಿ ಮಾಡಿತು. 1967ರಲ್ಲಿ ಅಲ್ಲಿನ ಸರ್ಕಾರದ ಅನುಮತಿ ಸಿಕ್ಕಿತು. ಅದಕ್ಕೂ ಮುಂಚೆ ಮೊಟ್ಟೆ ಬಿಡುಗಡೆಯಾಗದ ಹೆಣ್ಣಿಗೆ ಹೇಳಿಕೊಳ್ಳುವಂಥ ಸುಲಭ ಚಿಕಿತ್ಸೆಯೇ ಇರಲಿಲ್ಲ. ಎಷ್ಟು ಮನೆಗಳಲ್ಲಿ ತೊಟ್ಟಿಲು ತೂಗಿದ ಮಾತ್ರೆಯದು! ಅದರ ಬಗ್ಗೆ ನನಗೆ ಗೌರವವಿದೆ.

ಆದರೆ ಅದು ಕೆಲಸ ಮಾಡುವ ರೀತಿ ಬೇರೆ. ಕ್ಲೋಮಿಫಿನ್ ಟ್ಯಾಂಕಿನ ನೀರನ್ನು ಇಳಿಸುವುದಿಲ್ಲ. ಸೆನ್ಸರಿಗೇ ಬಟ್ಟೆ ಸುತ್ತಿಬಿಡುತ್ತದೆ. ನೀರು ಇದ್ದರೂ ಮೆದುಳಿಗೆ ಕಾಣುವುದಿಲ್ಲ. ಇದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಐದು ದಿನ ಬೇಕು. ಹಾಗಾಗಿ ಮಾತ್ರೆ ನಿಂತ ಮೇಲೂ ಬಟ್ಟೆ ಸೆನ್ಸರಿನ ಮೇಲೇ ಇರುತ್ತದೆ. ಕೋಶ ಬೆಳೆದು ಈಸ್ಟ್ರೋಜನ್ ತುಂಬಿದರೂ ಮೋಟಾರು ಓಡುತ್ತಲೇ ಇರುತ್ತದೆ. ಎರಡು, ಮೂರು ಕೋಶಗಳು ಒಟ್ಟಿಗೆ ಬೆಳೆಯುತ್ತವೆ. ಅವಳಿಗಳ ಸಾಧ್ಯತೆ ಹೆಚ್ಚುವುದು ಹೀಗೆ. ಇನ್ನೊಂದು ತೊಂದರೆಯೂ ಇದೆ. ಅದೇ ಬಟ್ಟೆ ಗರ್ಭಕೋಶದ ಒಳಪದರಕ್ಕೂ ಸುತ್ತಿಕೊಳ್ಳುತ್ತದೆ. ಪದರ ದಪ್ಪವಾಗಲು ಈಸ್ಟ್ರೋಜನ್ ಬೇಕು, ಅದು ಅಲ್ಲಿ ತಲುಪುವುದಿಲ್ಲ. "ಮೊಟ್ಟೆ ಚೆನ್ನಾಗಿ ಬಂದಿದೆ, ಆದರೆ ಲೈನಿಂಗ್ ತೆಳುವಾಗಿದೆ" ಎಂದು ಸ್ಕ್ಯಾನ್ ಮಾಡುವವರು ಹೇಳುತ್ತಿದ್ದುದು ಈ ಕಾರಣಕ್ಕೇ.

2001ರಲ್ಲಿ ಕೆನಡಾದ ಮಿತ್ವಾಲಿ ಮತ್ತು ಕ್ಯಾಸ್ಪರ್ ಎಂಬ ಇಬ್ಬರು ವೈದ್ಯರು ಲೆಟ್ರೋಜೋಲನ್ನು ಈ ಕೆಲಸಕ್ಕೆ ಬಳಸಿದ ವರದಿ ಪ್ರಕಟಿಸಿದರು. ಅಲ್ಲಿಂದ ಕುತೂಹಲ ಹುಟ್ಟಿತು. ಆದರೆ ಪಕ್ಕಾ ಉತ್ತರ ಸಿಗಲು ಹದಿಮೂರು ವರ್ಷ ಬೇಕಾಯಿತು. 2014ರಲ್ಲಿ ರಿಚರ್ಡ್ ಲೆಗ್ರೋ ನೇತೃತ್ವದ ಅಮೆರಿಕದ ತಂಡ ಪಿಸಿಒಎಸ್ (ನಾವು ಪಿಸಿಒಡಿ ಅನ್ನುವುದನ್ನೇ ವೈದ್ಯರು ಹೀಗೆನ್ನುತ್ತಾರೆ) ಇದ್ದ 750 ಮಹಿಳೆಯರ ಅಧ್ಯಯನವನ್ನು ಪ್ರಕಟಿಸಿತು. ಅರ್ಧ ಜನಕ್ಕೆ ಕ್ಲೋಮಿಫಿನ್, ಅರ್ಧ ಜನಕ್ಕೆ ಲೆಟ್ರೋಜೋಲ್, ಹೆಚ್ಚೆಂದರೆ ಐದು ಸೈಕಲ್, ಅಂದರೆ ಐದು ಮುಟ್ಟಿನ ಸುತ್ತು. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಲೆಟ್ರೋಜೋಲ್ ಪಡೆದವರಲ್ಲಿ 27.5 ಶೇಕಡಾ ಮಹಿಳೆಯರಿಗೆ ಮಗು ಹುಟ್ಟಿತು. ಕ್ಲೋಮಿಫಿನ್ ಪಡೆದವರಲ್ಲಿ 19.1 ಶೇಕಡಾ. ಗರ್ಭ ನಿಂತವರಲ್ಲಿ ಅವಳಿಗಳು 3.4 ಶೇಕಡಾ ಮತ್ತು 7.4 ಶೇಕಡಾ. ಆ ಕೊನೆಯ ವ್ಯತ್ಯಾಸವನ್ನು ಅಂಕಿಅಂಶ ತಜ್ಞರು ಖಚಿತ ಅನ್ನುವುದಿಲ್ಲ, ಆದರೆ ದಿಕ್ಕು ನಾವು ಮೇಲೆ ನೋಡಿದ್ದಕ್ಕೆ ಹೊಂದುತ್ತದೆ.

ಈ ಅಂಕಿಗಳನ್ನು ಇನ್ನೊಂದು ಕಡೆಯಿಂದಲೂ ಓದಬೇಕು. ಉತ್ತಮ ಅನ್ನಿಸಿಕೊಂಡ ಮಾತ್ರೆಯಲ್ಲೂ ಐದು ಸೈಕಲ್ಲಿನ ಕೊನೆಗೆ ನಾಲ್ವರಲ್ಲಿ ಸುಮಾರು ಮೂವರಿಗೆ ಮಗು ಆಗಿರಲಿಲ್ಲ. ಅಲ್ಲಿದ್ದವರ ಸರಾಸರಿ ತೂಕ ನಮ್ಮ ಹೆಣ್ಣುಮಕ್ಕಳಿಗಿಂತ ತುಂಬಾ ಜಾಸ್ತಿ, ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಸುಮಾರು 35. ಹಾಗಾಗಿ ಅದೇ ಲೆಕ್ಕ ನಮಗೆ ಹಾಗೇ ಅನ್ವಯಿಸಬೇಕಿಲ್ಲ. ಆದರೂ "ಮೊದಲ ತಿಂಗಳೇ ಆಗಿಬಿಡುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ಸಲ ಮುಟ್ಟಾದಾಗ "ನನ್ನ ದೇಹವೇ ಸರಿಯಿಲ್ಲ" ಎಂದು ಕುಸಿಯುವ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಲೆಕ್ಕ ಮೊದಲೇ ಗೊತ್ತಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

2018ರಲ್ಲಿ, ಮತ್ತೆ 2023ರಲ್ಲಿ, ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಪಿಸಿಒಎಸ್ ಬಗ್ಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂತು. ಬೇರೆ ತೊಂದರೆ ಇಲ್ಲದೆ ಬರೀ ಮೊಟ್ಟೆ ಬಿಡುಗಡೆಯಾಗದ ಕಾರಣಕ್ಕೆ ಮಕ್ಕಳಾಗದವರಿಗೆ ಮೊದಲ ಔಷಧಿಯಾಗಿ ಲೆಟ್ರೋಜೋಲ್ ಕೊಡಿ ಅಂತ ಎರಡೂ ಹೇಳಿದವು.

ಈಗ ನಮ್ಮ ದೇಶದ ಕಥೆ. ಇಲ್ಲಿ ಸ್ವಲ್ಪ ನಿಲ್ಲಬೇಕು.

2003ರ ಹೊತ್ತಿಗೆ ಭಾರತದಲ್ಲಿ ಲೆಟ್ರೋಜೋಲಿಗೆ ಇದ್ದ ಅನುಮತಿ ಸ್ತನ ಕ್ಯಾನ್ಸರಿಗೆ ಮಾತ್ರ. ಆದರೆ ಮಕ್ಕಳಾಗದ 400ಕ್ಕೂ ಹೆಚ್ಚು ಮಹಿಳೆಯರಿಗೆ ಬೇರೆ ಬೇರೆ ಊರುಗಳಲ್ಲಿ ಇದನ್ನು ಕೊಟ್ಟು ನೋಡಲಾಗಿದೆ, ಅವರಿಗೆ ಹೇಳಿರಲಿಲ್ಲ, ಒಪ್ಪಿಗೆ ಪಡೆದಿರಲಿಲ್ಲ ಎಂಬ ಸುದ್ದಿ ಹೊರಬಿತ್ತು. ಈ ಸಂಗತಿ ಓದಿದಾಗ ನನಗೆ ತುಂಬಾ ಸಿಟ್ಟು ಬಂತು. ಆ ಹೆಂಗಸರು ಒಂದು ಮಗುವಿಗಾಗಿ ಯಾರು ಏನು ಕೊಟ್ಟರೂ ನುಂಗುವ ಸ್ಥಿತಿಯಲ್ಲಿದ್ದವರು. ಅವರನ್ನು ಕೇಳದೆ, ಅವರ ದೇಹದ ಮೇಲೆ ಪ್ರಯೋಗ ನಡೆಯಿತು.

2005ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಒಂದು ಸಮ್ಮೇಳನದಲ್ಲಿ ಚಿಕ್ಕ ವರದಿಯೊಂದು ಮಂಡನೆಯಾಯಿತು. ಲೆಟ್ರೋಜೋಲ್ ನಂತರ ಹುಟ್ಟಿದ 150 ಮಕ್ಕಳನ್ನು ಸಾಮಾನ್ಯ ಹೆರಿಗೆಯ 36,000ಕ್ಕೂ ಹೆಚ್ಚು ಮಕ್ಕಳ ಜೊತೆ ಹೋಲಿಸಿ, ಹೃದಯ ಮತ್ತು ಮೂಳೆಯ ದೋಷಗಳು ಜಾಸ್ತಿ ಇರಬಹುದು ಅಂದಿತು. ಲೆಟ್ರೋಜೋಲನ್ನು ಮೊದಲು ತಯಾರಿಸಿದ ನೊವಾರ್ಟಿಸ್ ಕಂಪನಿಯೇ ವೈದ್ಯರಿಗೆ ಎಚ್ಚರಿಕೆ ಬರೆಯಿತು. ಗಾಬರಿ ಹಬ್ಬಿತು. ಆದರೆ ಆ ಹೋಲಿಕೆಯಲ್ಲೇ ದೋಷವಿತ್ತು. ಮಕ್ಕಳಾಗದೆ ಚಿಕಿತ್ಸೆ ಪಡೆದ, ವಯಸ್ಸಿನಲ್ಲಿ ದೊಡ್ಡವರಾದ ತಾಯಂದಿರನ್ನು ಯಾವ ತೊಂದರೆಯೂ ಇಲ್ಲದ ತಾಯಂದಿರ ಜೊತೆ ಇಟ್ಟು ನೋಡಿದ್ದರು. ಆ ವರದಿ ಪೂರ್ಣ ಪ್ರಬಂಧವಾಗಿ ಪ್ರಕಟವಾಗಲೇ ಇಲ್ಲ. ಮರುವರ್ಷ, 2006ರಲ್ಲಿ, ಕೆನಡಾದಿಂದಲೇ ಇನ್ನೊಂದು ಅಧ್ಯಯನ ಬಂತು. ಈ ಸಲ ಹೋಲಿಕೆ ಸರಿಯಾಗಿತ್ತು: ಲೆಟ್ರೋಜೋಲ್ ಮಕ್ಕಳು ಮತ್ತು ಕ್ಲೋಮಿಫಿನ್ ಮಕ್ಕಳು, ಒಟ್ಟು 911. ಹುಟ್ಟು ದೋಷಗಳು ಲೆಟ್ರೋಜೋಲ್ ಗುಂಪಿನಲ್ಲಿ 2.4 ಶೇಕಡಾ, ಕ್ಲೋಮಿಫಿನ್ ಗುಂಪಿನಲ್ಲಿ 4.8 ಶೇಕಡಾ.

2007ರಲ್ಲಿ ಭಾರತದ ಔಷಧ ನಿಯಂತ್ರಕರು ಬಂಜೆತನದ ಚಿಕಿತ್ಸೆಗೂ ಲೆಟ್ರೋಜೋಲಿಗೆ ಅನುಮತಿ ಕೊಟ್ಟರು. ಅಮೆರಿಕದಲ್ಲಿ ಇವತ್ತಿಗೂ ಲೆಟ್ರೋಜೋಲಿನ ಲೇಬಲ್ಲಿನಲ್ಲಿ ಈ ಬಳಕೆ ಇಲ್ಲ. ವೈದ್ಯರು ತಮ್ಮ ಜವಾಬ್ದಾರಿಯಲ್ಲಿ ಬರೆಯುತ್ತಾರೆ. ಅಲ್ಲಿ ಅದು ಕಾನೂನುಬಾಹಿರವಲ್ಲ. ನಮ್ಮಲ್ಲಿ ಆ ಅನುಮತಿ ಕೊಟ್ಟ ರೀತಿಯ ಬಗ್ಗೆ ಪ್ರಶ್ನೆಗಳೆದ್ದವು. ಅಕ್ಟೋಬರ್ 2011ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಈ ಬಳಕೆಯನ್ನು ನಿಷೇಧಿಸಿತು. 2012ರ ಮೇ ತಿಂಗಳಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ತನ್ನ 59ನೇ ವರದಿಯಲ್ಲಿ ಔಷಧ ನಿಯಂತ್ರಣ ಸಂಸ್ಥೆಯನ್ನು ಖಾರವಾಗಿ ತರಾಟೆಗೆ ತೆಗೆದುಕೊಂಡಿತು. ಲೆಟ್ರೋಜೋಲ್ ಅನುಮತಿಯೂ ಅದರಲ್ಲಿ ಒಂದು ಉದಾಹರಣೆ.

ನಿಷೇಧವಾದ ಮೂರು ವರ್ಷಕ್ಕೆ ಲೆಗ್ರೋ ತಂಡದ ಅಧ್ಯಯನ ಬಂತು. ಜಗತ್ತು ಲೆಟ್ರೋಜೋಲ್ ಕಡೆ ತಿರುಗಿತು. ನಮ್ಮ ಹೆಣ್ಣುಮಕ್ಕಳು ಮಾತ್ರ ಕ್ಲೋಮಿಫಿನ್ ನುಂಗುತ್ತಾ ಇದ್ದರು. ಅದು ಫಲಿಸದಿದ್ದರೆ ನೇರವಾಗಿ ದುಬಾರಿ ಇಂಜೆಕ್ಷನ್. 2017ರಲ್ಲಿ ನಿಷೇಧ ತೆರವಾಯಿತು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸಿಟ್ಟು ಸರಿಯಿತ್ತು, ಶಿಕ್ಷೆ ತಪ್ಪಾದವರ ಮೇಲೆ ಬಿತ್ತು. ಕೇಳದೆ ಪ್ರಯೋಗ ಮಾಡಿದ್ದು ತಪ್ಪು, ಸರಿ. ಅನುಮತಿ ಕೊಡುವಾಗ ಉಪೇಕ್ಷೆ ಮಾಡಿದ್ದರೆ ಅದೂ ತಪ್ಪು. ಆದರೆ ಅದಕ್ಕೆ ಔಷಧಿಯನ್ನೇ ನಿಲ್ಲಿಸಿದರೆ ಯಾರಿಗೆ ನಷ್ಟ? ಯಾವ ಹೆಣ್ಣುಮಕ್ಕಳ ಹೆಸರಿನಲ್ಲಿ ನಿಷೇಧ ಬಂತೋ ಅವರಿಗೇ. ಮೂವತ್ತರ ಆಸುಪಾಸಿನಲ್ಲಿರುವ ಹೆಣ್ಣಿಗೆ ಆರು ವರ್ಷ ಅಂದರೆ ಸಣ್ಣ ಕಾಲವಲ್ಲ. ಬೇಕಾಗಿದ್ದದ್ದು ಬೇರೆಯೇ: ಒಪ್ಪಿಗೆಯ ನಿಯಮ ಗಟ್ಟಿಯಾಗಬೇಕಿತ್ತು, ಲೆಟ್ರೋಜೋಲಿನಿಂದ ಹುಟ್ಟಿದ ನಮ್ಮ ಮಕ್ಕಳ ಲೆಕ್ಕ ಇಡಬೇಕಿತ್ತು, ಪ್ರತಿ ಮಾತ್ರೆಯ ಜೊತೆ ಕನ್ನಡದಲ್ಲಿ, ಹಿಂದಿಯಲ್ಲಿ, ತಮಿಳಿನಲ್ಲಿ ಒಂದು ಹಾಳೆಯ ವಿವರಣೆ ಇರಬೇಕಿತ್ತು. ಆ ಹಾಳೆ ಇದ್ದಿದ್ದರೆ ನನ್ನ ತಂಗಿ ರಾತ್ರಿ ಹತ್ತೂವರೆಗೆ ಅಳುತ್ತಿರಲಿಲ್ಲ.

ಅವಳ ಕಥೆ ಅಲ್ಲಿಗೇ ಮುಗಿಯಲಿಲ್ಲ. ಧೈರ್ಯ ಹೇಳಿದೆ, ಮಾತ್ರೆ ತಗೊಂಡಳು. ಮೊದಲ ತಿಂಗಳು ಆಗಲಿಲ್ಲ. ಎರಡು, ಮೂರು, ನಾಲ್ಕು. ಪ್ರತಿ ತಿಂಗಳೂ ಅದೇ ಚೀಟಿ. ನಾಲ್ಕನೇ ತಿಂಗಳು ಸುಮ್ನೆ ಕೇಳಿದೆ: "ನಿನ್ನ ಗಂಡಂದು ಟೆಸ್ಟ್ ಏನು ಬಂತು?" ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ಮೆಲ್ಲಗೆ ಹೇಳಿದಳು, "ಅವರಿಗೆ ಟೆಸ್ಟೇ ಮಾಡ್ಸಿಲ್ಲ ಅಕ್ಕಾ. ಆಸ್ಪತ್ರೇಲಿ ಕೇಳ್ಲಿಲ್ಲ. ಮನೇಲಿ ಹೇಳೋಕೆ ನಂಗೆ ಧೈರ್ಯ ಇಲ್ಲ."

ನಾಲ್ಕು ತಿಂಗಳು! ಮಕ್ಕಳಾಗದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿ ಬೇಕಿಲ್ಲ, ಸ್ಕ್ಯಾನ್ ಬೇಕಿಲ್ಲ, ಅರಿವಳಿಕೆ ಬೇಕಿಲ್ಲ. ಒಂದು ಡಬ್ಬಿ, ಒಂದು ಬೆಳಗ್ಗೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿನಲ್ಲಿ 1.6 ಕೋಟಿ ವೀರ್ಯಾಣು ಕೆಳಗಿನ ಮಿತಿ. ಇದು ಪಾಸು ಫೇಲಿನ ಗೆರೆಯಲ್ಲ, ಒಂದು ಅಂದಾಜು. ಆದರೆ ಎಣಿಸದೆ ಇದ್ದರೆ ಅಂದಾಜೂ ಇಲ್ಲ. ಹೆಂಡತಿಗೆ ತಿಂಗಳುಗಟ್ಟಲೆ ಹಾರ್ಮೋನು ಮಾತ್ರೆ ಕೊಟ್ಟು, ಗಂಡನ ಒಂದು ಪರೀಕ್ಷೆಯನ್ನು ಕೇಳಲು ಸಂಕೋಚ ಪಡುವುದು ವೈದ್ಯಕೀಯವಲ್ಲ. ನಮ್ಮ ಮನೆಗಳ ಹಳೆಯ ನಂಬಿಕೆ ಆಸ್ಪತ್ರೆಯೊಳಗೂ ಬಂದು ಕೂತಿದೆ.

ಲೆಟ್ರೋಜೋಲ್ ಶುರುಮಾಡುವ ಮುಂಚೆಯೇ ಆಗಬೇಕಾದ ಕೆಲಸ ಇದು. ಗಂಡನ ಪರೀಕ್ಷೆ, ಹೆಂಡತಿಯ ಥೈರಾಯಿಡ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು) ಪರೀಕ್ಷೆ, ಸಕ್ಕರೆ ಪರೀಕ್ಷೆ. ಹಿಂದೆ ಕ್ಷಯವೋ, ಹೊಟ್ಟೆಯ ಆಪರೇಷನ್ನೋ, ಸೋಂಕೋ ಆಗಿದ್ದರೆ ಟ್ಯೂಬ್ ತೆರೆದಿದೆಯೇ ಅಂತ ನೋಡುವ ಎಕ್ಸ್‌ರೇ ಮೊದಲೇ ಆಗಬೇಕು. ನಮ್ಮ ದೇಶದಲ್ಲಿ ಕ್ಷಯ ಸದ್ದಿಲ್ಲದೆ ಗರ್ಭನಾಳಗಳನ್ನು ಮುಚ್ಚಿಬಿಡುವುದು ಹೊಸದೇನಲ್ಲ. ನಾಳ ಮುಚ್ಚಿದ್ದರೆ ಎಷ್ಟು ಮೊಟ್ಟೆ ಬೆಳೆದರೇನು, ದಾರಿಯೇ ಇಲ್ಲವಲ್ಲ. ಇನ್ನು ತೂಕ ಜಾಸ್ತಿ ಇರುವವರಿಗೆ ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೆ ಕೆಲವೊಮ್ಮೆ ಮುಟ್ಟು ತಾನಾಗಿ ಸರಿಹೋಗುತ್ತದೆ. ಆದರೆ "ಮೊದಲು ತೂಕ ಇಳಿಸಿಕೊಂಡು ಬಾ" ಎಂದು ಗದರಿ ಕಳಿಸುವುದು ಸಲಹೆಯಲ್ಲ. ಮೂವತ್ತೈದು ದಾಟಿದವರಿಗಂತೂ ಕಾಯುತ್ತಾ ಕೂರುವಷ್ಟು ಸಮಯವಿಲ್ಲ.

ಮಾತ್ರೆ ಕೊಟ್ಟ ಮೇಲೆ ಸ್ಕ್ಯಾನ್. ಕನಿಷ್ಠ ಮೊದಲ ಸೈಕಲ್ಲಿನಲ್ಲಾದರೂ ಕೋಶ ಬೆಳೆಯಿತೇ, ಎಷ್ಟು ಬೆಳೆದವು ಅಂತ ನೋಡಬೇಕು. ಕೋಶ ಸುಮಾರು 18ರಿಂದ 20 ಮಿಲಿಮೀಟರ್ ಆದಾಗ ಒಡೆಯುವ ಹಂತಕ್ಕೆ ಬಂದಿರುತ್ತದೆ. ಕೆಲವರಿಗೆ ಒಡೆಯಲು ಎಚ್‌ಸಿಜಿ ಎಂಬ ಹಾರ್ಮೋನಿನ ಇಂಜೆಕ್ಷನ್ ಕೊಡುತ್ತಾರೆ. ಎಲ್ಲರಿಗೂ ಅದು ಬೇಕೇಬೇಕು ಅಂತಿಲ್ಲ. ಮೂರು, ನಾಲ್ಕು ದೊಡ್ಡ ಕೋಶಗಳು ಕಂಡರೆ ಆ ತಿಂಗಳು ಬೇಡ ಎಂದು ಹೇಳುವ ಧೈರ್ಯ ವೈದ್ಯರಿಗೂ ಇರಬೇಕು, ಕೇಳುವ ತಾಳ್ಮೆ ನಮಗೂ ಇರಬೇಕು. "ಒಂದೇ ಸಲಕ್ಕೆ ಎರಡಾಗಿಬಿಡಲಿ" ಎಂದು ಹಾರೈಸುವ ಹಿರಿಯರಿದ್ದಾರೆ. ಅವಳಿಗಳು ದಿನ ತುಂಬುವ ಮುಂಚೆ ಹುಟ್ಟುವುದು, ತೂಕ ಕಡಿಮೆಯಿರುವುದು, ತಾಯಿಗೆ ಬಿಪಿ ಏರುವುದು ಇವೆಲ್ಲ ಹೆಚ್ಚು. ಮೊಟ್ಟೆ ತಾನಾಗಿ ಬರುತ್ತಿರುವವರು ಅವಳಿ ಆಸೆಗೆ ಕ್ಲೋಮಿಫಿನ್ ತಂದು ನುಂಗುವುದಂತೂ ಅಪಾಯದ ಜೊತೆ ಆಟ. ಕ್ಲೋಮಿಫಿನ್ ತಗೊಂಡಾಗ ಕಣ್ಣು ಮಂಜಾದರೆ, ಬೆಳಕಿನ ಚುಕ್ಕೆ ಕಂಡರೆ ಅವತ್ತೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಇದನ್ನು ಕೂಡ ಬಹಳ ಜನಕ್ಕೆ ಯಾರೂ ಹೇಳಿರುವುದಿಲ್ಲ.

ಎಷ್ಟು ತಿಂಗಳು? ಸಾಮಾನ್ಯವಾಗಿ ಆರು ಸೈಕಲ್ಲಿನೊಳಗೆ. ಅಷ್ಟರಲ್ಲಿ ಆಗದಿದ್ದರೆ ಅದೇ ಚೀಟಿಯನ್ನು ಮುಂದುವರಿಸುವ ಬದಲು ಮರುಯೋಚನೆ ಮಾಡಬೇಕು. ಜಾಸ್ತಿ ಸಲ ತಗೊಂಡರೆ ಅಂಡಾಶಯದ ಕ್ಯಾನ್ಸರ್ ಬರುತ್ತದೆಯೇ ಎಂಬ ಭಯ ಹಳೆಯದು. 1994ರ ಒಂದು ಅಮೆರಿಕನ್ ಅಧ್ಯಯನ ವರ್ಷಕ್ಕಿಂತ ಹೆಚ್ಚು ಕಾಲ ಕ್ಲೋಮಿಫಿನ್ ಪಡೆದವರ ಬಗ್ಗೆ ಆ ಅನುಮಾನ ಎತ್ತಿತ್ತು. 2009ರಲ್ಲಿ ಡೆನ್ಮಾರ್ಕಿನಲ್ಲಿ 54,362 ಮಹಿಳೆಯರನ್ನು ಗಮನಿಸಿದ ಅಧ್ಯಯನದಲ್ಲಿ ಅಂಥ ನಂಟು ಕಾಣಲಿಲ್ಲ. ಹೆದರಿ ಕೂರಬೇಕಿಲ್ಲ, ಹಾಗಂತ ಲೆಕ್ಕವಿಲ್ಲದೆ ನುಂಗಲೂಬಾರದು.

ಮಾತ್ರೆಗಳು ಫಲಿಸದಿದ್ದಾಗ ಬರುವುದು ಇಂಜೆಕ್ಷನ್‌ಗಳು, ಅಂದರೆ ಎಫ್‌ಎಸ್‌ಎಚ್ ಹಾರ್ಮೋನನ್ನೇ ನೇರವಾಗಿ ಕೊಡುವುದು. ಇದರ ಹುಟ್ಟು ವಿಚಿತ್ರ. ಮುಟ್ಟು ನಿಂತ ಹೆಂಗಸರ ಮೂತ್ರದಲ್ಲಿ ಈ ಹಾರ್ಮೋನು ಹೇರಳವಾಗಿರುತ್ತದೆ. ಇಟಲಿಯ ಪಿಯೆರೊ ದೊನಿನಿ ಅದನ್ನು ಬೇರ್ಪಡಿಸುವ ದಾರಿ ಕಂಡುಹಿಡಿದರು. ಅಲ್ಲಿನ ಮಠಗಳಲ್ಲಿದ್ದ ವಯಸ್ಸಾದ ಕ್ರೈಸ್ತ ಸನ್ಯಾಸಿನಿಯರ ಮೂತ್ರವನ್ನು ಸಂಗ್ರಹಿಸಿ ಔಷಧಿ ಮಾಡಿದರು. ಬ್ರೂನೋ ಲೂನೆನ್‌ಫೆಲ್ಡ್ ಅದನ್ನು ಬಳಸಿ ಚಿಕಿತ್ಸೆ ಕೊಟ್ಟ ತಾಯಿಗೆ 1962ರಲ್ಲಿ ಇಸ್ರೇಲಿನಲ್ಲಿ ಮೊದಲ ಮಗು ಹುಟ್ಟಿತು. ತಾವು ತಾಯಿಯಾಗದ ಆ ಸನ್ಯಾಸಿನಿಯರಿಂದ ಎಷ್ಟು ಮಕ್ಕಳು ಹುಟ್ಟಿದವೋ.

ಈ ಇಂಜೆಕ್ಷನ್‌ನ ಕಥೆಯಲ್ಲಿ ಭಾರತಕ್ಕೂ ಒಂದು ಜಾಗವಿದೆ. 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದಾಗ ಅಲ್ಲಿನ ವೈದ್ಯರು ತಾಯಿಯ ಸಹಜ ಮೊಟ್ಟೆಯನ್ನೇ ತೆಗೆದಿದ್ದರು. ಎರಡು ತಿಂಗಳು ಕಳೆದು ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಮಗು ಹುಟ್ಟಿತು. ಅವರು ಇಂಜೆಕ್ಷನ್ ಕೊಟ್ಟು ಹೆಚ್ಚು ಮೊಟ್ಟೆ ಬೆಳೆಸಿದ್ದರು. ಇವತ್ತು ಐವಿಎಫ್‌ನಲ್ಲಿ, ಅಂದರೆ ಮೊಟ್ಟೆ ಮತ್ತು ವೀರ್ಯಾಣುವನ್ನು ದೇಹದ ಹೊರಗೆ ಸೇರಿಸುವ ಈ ಪ್ರನಾಳ ಶಿಶು ಚಿಕಿತ್ಸೆಯಲ್ಲಿ, ಎಲ್ಲೆಡೆ ಹೆಚ್ಚಾಗಿ ನಡೆಯುವುದು ಅದೇ ಕ್ರಮ. ಆಗ ಅವರನ್ನು ಯಾರೂ ನಂಬಲಿಲ್ಲ, ಸರ್ಕಾರಿ ಸಮಿತಿ ಅವಮಾನಿಸಿತು. 1981ರಲ್ಲಿ ಅವರು ತಮ್ಮ ಜೀವವನ್ನೇ ಕಳೆದುಕೊಂಡರು. ಹಲವು ವರ್ಷಗಳ ನಂತರ ಅವರ ಟಿಪ್ಪಣಿಗಳನ್ನು ಓದಿದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್, ಮೊದಲಿಗರು ಸುಭಾಷ್ ಅವರೇ ಎಂದು 1997ರಲ್ಲಿ ಬರೆದರು. ಆ ಲೇಖನ ಬಂದದ್ದು ನಮ್ಮ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. 1986ರಲ್ಲಿ ಮುಂಬೈಯಲ್ಲಿ ಇಂದಿರಾ ಹಿಂದುಜಾ ಅವರ ಜೊತೆ ಸೇರಿ "ದೇಶದ ಮೊದಲ ಪ್ರನಾಳ ಶಿಶು" ಎಂಬ ಕೀರ್ತಿ ಪಡೆದಿದ್ದವರು ಇದೇ ಆನಂದ್ ಕುಮಾರ್. ತಮ್ಮ ಕೀರ್ತಿಯನ್ನು ತಾವೇ ಬಿಟ್ಟುಕೊಟ್ಟರು. ಅಂಥವರೂ ಈ ಕ್ಷೇತ್ರದಲ್ಲಿದ್ದರು ಎಂಬುದನ್ನು ನೆನೆದಾಗ ಮನಸ್ಸು ತುಂಬುತ್ತದೆ.

ಇಂಜೆಕ್ಷನ್‌ಗೆ ಮಾತ್ರೆಗಿಂತ ಹತ್ತುಪಟ್ಟು ಎಚ್ಚರ ಬೇಕು. ಅಂಡಾಶಯ ಊದಿ, ಹೊಟ್ಟೆಯಲ್ಲಿ ನೀರು ತುಂಬಿ, ಆಸ್ಪತ್ರೆ ಸೇರುವ ಹಂತಕ್ಕೆ ಹೋಗಬಹುದು. ಪಿಸಿಒಡಿ ಇರುವವರಿಗೆ ಆ ಅಪಾಯ ಜಾಸ್ತಿ. ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶದೊಳಗೆ ಬಿಡುವುದು), ಐವಿಎಫ್ ಮಾಡುವ ಕೇಂದ್ರಗಳು ಇಂಥ ಚಿಕಿತ್ಸೆಗಳಿಗೆಂದೇ ಬಂದ 2021ರ ಕಾಯಿದೆಯ ಪ್ರಕಾರ ನೋಂದಣಿಯಾಗಿರಲೇಬೇಕು, ನಂಬರ್ ಕೇಳಿ ನೋಡಬಹುದು. ಬರೀ ಮಾತ್ರೆ ಬರೆಯುವ ಕ್ಲಿನಿಕ್ಕಿಗೆ ಆ ನೋಂದಣಿ ಬೇಕಿಲ್ಲ. ಹಾಗಾಗಿ ಹಳ್ಳಿ, ಪಟ್ಟಣಗಳ ಬಹುಪಾಲು ದಂಪತಿ ಮೊದಲು ಹೋಗುವ ಜಾಗದ ಮೇಲೆ ಯಾರ ಕಣ್ಣೂ ಇಲ್ಲ. ಲೆಟ್ರೋಜೋಲ್, ಕ್ಲೋಮಿಫಿನ್ ಎರಡೂ ಚೀಟಿ ಇಲ್ಲದೆ ಮಾರಬಾರದ ಔಷಧಿಗಳು. ಅಂಗಡಿಯಲ್ಲಿ ನಡೆಯುವುದು ಏನು ಅಂತ ನಿಮಗೂ ಗೊತ್ತು.

ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಜನಸಂಖ್ಯೆ ಇಳಿಸುವುದೇ ಗುರಿಯಾಗಿದ್ದ ಕಾಲ ಮುಗಿದಿದೆ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಬದುಕಿನ ಯಾವುದಾದರೂ ಹಂತದಲ್ಲಿ ಈ ತೊಂದರೆ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದರೂ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಕಾಪರ್-ಟಿ ಬಗ್ಗೆ ಪೋಸ್ಟರ್ ಇರುತ್ತದೆ, ಮಕ್ಕಳಾಗದವರು ಮೊದಲು ಯಾವ ಪರೀಕ್ಷೆ ಮಾಡಿಸಬೇಕು ಅಂತ ಒಂದು ಸಾಲೂ ನಾನು ನೋಡಿಲ್ಲ. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಹರಕೆ ಹೊತ್ತು ಬರುವ ದಂಪತಿಗಳನ್ನು ನೋಡಿ. ಅಲ್ಲಿ ಗಂಡ ಹೆಂಡತಿ ಇಬ್ಬರೂ ಕೈಮುಗಿದು ನಿಂತಿರುತ್ತಾರೆ. ಆಸ್ಪತ್ರೆಯ ಬೆಂಚಿನ ಮೇಲೆ ಮಾತ್ರ ಯಾಕೆ ಹೆಣ್ಣು ಒಬ್ಬಳೇ?

ತಂಗಿ ಕೊನೆಗೆ ಗಂಡನಿಗೆ ಹೇಳಿದಳು. ನಾವು ಹೆದರಿದಷ್ಟು ಆಗಲಿಲ್ಲ. "ಮೊದಲೇ ಹೇಳಬಾರದಿತ್ತಾ" ಅಂದನಂತೆ, ಆ ಶನಿವಾರವೇ ಪರೀಕ್ಷೆಗೆ ಹೋದ. ಸಂಖ್ಯೆ ಕಡಿಮೆ ಇತ್ತು. ವೃಷಣದ ರಕ್ತನಾಳ ಊದಿಕೊಂಡಿತ್ತು, ಜೊತೆಗೆ ಸಿಗರೇಟು. ಇಬ್ಬರೂ ಬೇರೆ ವೈದ್ಯೆಯ ಹತ್ತಿರ ಹೋದರು. ಈ ಸಲ ಅವಳು ಒಂದು ಹಾಳೆಯಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿದ್ದಳು: ಈ ಮಾತ್ರೆ ಯಾಕೆ, ಎಷ್ಟು ತಿಂಗಳು, ಸ್ಕ್ಯಾನ್ ಯಾವತ್ತು, ಆಗದಿದ್ದರೆ ಮುಂದೇನು, ಇವರಿಗೆ ಏನು ಮಾಡಬೇಕು. ಆ ವೈದ್ಯೆ ಚೀಟಿಯನ್ನು ತಿರುಗಿಸಿ ಹಿಂದೆ ಪೆನ್ನಿನಲ್ಲಿ ಒಂದು ಚಿತ್ರ ಬರೆದರಂತೆ. ಮೇಲೆ ಮೆದುಳು, ಕೆಳಗೆ ಎರಡು ಅಂಡಾಶಯ, ನಡುವೆ ಬಾಣಗಳು. ಪಕ್ಕದಲ್ಲಿ ಗಂಡನ ಹೆಸರು, ಅದರ ಕೆಳಗೆ ಇನ್ನೊಂದು ಬಾಣ.

ಅದರ ಫೋಟೋ ತೆಗೆದು ನನಗೆ ಕಳಿಸಿದಳು. ಕೆಳಗೆ ಬರೆದಿದ್ದಳು: "ಅಕ್ಕಾ, ಈಗ ಅರ್ಥ ಆಯ್ತು."